ಕೆಸ್ಟರ್‌ನ ಪಾಲು

ರಜೆಯ ಮೊದಲ ಬೆಳಿಗ್ಗೆ ಯೂಲಾ ಮಾಡಿದ ಮೊದಲ ಕೆಲಸ ತಾನು ಮಲಗಿದ್ದ ಹಾಸಿಗೆಯ ಹೊದಿಕೆ ಕಿತ್ತದ್ದು. ಆಮೇಲೆ ದಿಂಬಿನ ಗವಸು ಕಳಚಿದಳು, ಬಚ್ಚಲು ಉಜ್ಜಿದಳು, ಕನ್ನಡಿ ಒರೆಸಿದಳು, ಟವೆಲುಗಳನ್ನು ಮಡಿಚಿ ಬಾಗಿಲ ಹೊರಗಿಟ್ಟಳು. ಇಪ್ಪತ್ತಾರು ವರ್ಷ ಇದೇ ಹೋಟೆಲಿನಲ್ಲಿ ಕೋಣೆಗಳನ್ನು ಗುಡಿಸಿ ಒರೆಸಿದವಳು. ನಿವೃತ್ತಿಯ ದಿನ ಮ್ಯಾನೇಜರು ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸಿ, ಮಿಸ್ ಯೂಲಾ ಮತ್ತು ಅವರ ಯಜಮಾನರಿಗೆ ಸಮುದ್ರದ ಕಡೆಯ ಕೋಣೆಯಲ್ಲಿ ಮೂರು ರಾತ್ರಿ ಬಿಟ್ಟಿ ವಾಸ ಎಂದು ಘೋಷಿಸಿದ್ದ. ಬೇರೆಯವರಿಗೆಲ್ಲ ಗೋಡೆ ಗಡಿಯಾರ ಕೊಡುತ್ತಿದ್ದರು. ಗಡಿಯಾರವೇ ವಾಸಿಯಿತ್ತು.

ನಾನು ಪರ್ಲ್, ಆ ಹೋಟೆಲಿನ ಅಡುಗೆಯವಳು. ಯೂಲಾಳೂ ನಾನೂ ಹತ್ತೊಂಬತ್ತು ವರ್ಷ ಅಡುಗೆಮನೆಯ ಹಿಂದಿನ ಬೆಂಚಿನ ಮೇಲೆ ಒಟ್ಟಿಗೆ ಕೂತು ಮಧ್ಯಾಹ್ನದ ಊಟ ಮಾಡಿದವರು. ನನ್ನ ಬಾಯಿ ಸ್ವಲ್ಪ ಜೋರು. ಅವಳದು ಮೊದಲಿನಿಂದಲೂ ಕಡಿಮೆ ಮಾತು. ಕೊನೆಯ ಎರಡು ವರ್ಷ ಅದೂ ನಿಂತಿತ್ತು.

ಎರಡು ವರ್ಷದ ಹಿಂದೆ, ಈಸ್ಟರ್ ಕಳೆದ ವಾರ, ಅವರ ಒಬ್ಬನೇ ಮಗ ಕೆಸ್ಟರ್ ಈಟಿ ಹಿಡಿದು ಹವಳದ ದಿಬ್ಬದ ಆಚೆ ಮೀನಿಗೆ ಮುಳುಗಿದವನು ಮೇಲೆ ಬರಲಿಲ್ಲ. ಮೂರನೆಯ ದಿನ ಸಿಕ್ಕ. ಇಪ್ಪತ್ತಮೂರು ವಯಸ್ಸು. ನಮ್ಮ ಪದ್ಧತಿಯಂತೆ ಒಂಬತ್ತು ರಾತ್ರಿ ಊರೆಲ್ಲ ಆ ಮನೆಯಲ್ಲಿ ಕೂತು ಹಾಡಿ, ಕಾಫಿ ಕುಡಿದು, ಜಾಗರಣೆ ಮಾಡಿದೆವು. ಹತ್ತನೆಯ ದಿನ ಬೆಳಿಗ್ಗೆ ಅವಳ ಗಂಡ ಎವರಾರ್ಡ್ ತನ್ನ ದೋಣಿ ನೀರಿಗೆ ಇಳಿಸಿದ. ಅವನದು ತಳಕ್ಕೆ ಗಾಜು ಹಾಕಿದ ದೋಣಿ. ಪ್ರವಾಸಿಗರನ್ನು ಕೂರಿಸಿಕೊಂಡು ಹೋಗಿ ಹವಳ ತೋರಿಸುತ್ತಾನೆ. ಅದೇ ದಿಬ್ಬ, ಅದೇ ನೀರು. ಯೂಲಾ ಅದನ್ನು ಕ್ಷಮಿಸಲಿಲ್ಲ. ಆ ದಿನದಿಂದ ಎವರಾರ್ಡ್ ಮಗನ ಹೆಸರು ಎತ್ತಲಿಲ್ಲ, ಅವಳು ಗಂಡನ ಮುಖ ನೋಡಿ ಮಾತಾಡಲಿಲ್ಲ.

ಅವಳು ಅತ್ತದ್ದನ್ನೂ ನಾನು ನೋಡಲಿಲ್ಲ. ಒಂದು ದಿನ ಇಸ್ತ್ರಿ ಕೋಣೆಯಲ್ಲಿ ಸುಟ್ಟ ವಾಸನೆ ಬಂದು ಓಡಿಹೋದೆ. ಇಸ್ತ್ರಿಪೆಟ್ಟಿಗೆ ಅವಳ ಅಂಗೈ ಅಂಚಿಗೆ ತಾಗಿಕೊಂಡೇ ಇತ್ತು.

"ಕೈ ತೆಗಿಯೇ, ಸುಡ್ತಿದೆ!" ಎಂದು ಕಿರುಚಿದೆ.

ಅವಳು ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಹೌದಾ? ನನಗೇನೂ ಆಗ್ತಿಲ್ಲ ಪರ್ಲ್. ಏನೂ ಗೊತ್ತಾಗಲ್ಲ ಈಗ."

ನಿವೃತ್ತಿಗೆ ಒಂದು ವಾರ ಇರುವಾಗ, ಅದೇ ಬೆಂಚಿನ ಮೇಲೆ, ಟ್ರಿನಿಡಾಡಿನ ಹಡಗಿಗೆ ಟಿಕೆಟ್ ತೆಗೆದಿದ್ದೇನೆ ಎಂದಳು. ರಜೆ ಮುಗಿಯುವ ಶನಿವಾರ ಮಧ್ಯಾಹ್ನದ ಹಡಗು. ಅಲ್ಲಿ ತಂಗಿಯ ಮನೆ.

"ಎಷ್ಟು ದಿನಕ್ಕೆ?"

"ಬರಲ್ಲ."

"ಎವರಾರ್ಡ್‌ಗೆ ಹೇಳಿದ್ಯಾ?"

"ಮೂರು ದಿನ ಮುಗೀಲಿ. ಮ್ಯಾನೇಜರು ಪಾಪ ಆಸೆಯಿಂದ ಕೊಟ್ಟಿದ್ದಾನೆ, ಹಾಳಾಗೋದು ಬೇಡ." ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದಳು. "ಜಗಳ ಏನಿಲ್ಲ ಪರ್ಲ್. ಮಗ ಇದ್ದ ಅನ್ನೋದೇ ಮರೆತವನ ಜೊತೆ ಮುದುಕಿ ಆಗೋದಕ್ಕೆ ನನ್ನ ಕೈಲಾಗಲ್ಲ, ಅಷ್ಟೇ."

ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅದೇಕೆ ಎಂಬುದು ಮುಂದೆ ಬರುತ್ತದೆ, ನನಗೂ ನಾಚಿಕೆಯ ವಿಷಯ.

ಬುಧವಾರ ಸಂಜೆ ಇಬ್ಬರೂ ಒಂದೇ ಚೀಲ ಹಿಡಿದು ಬಂದರು. ಎವರಾರ್ಡ್ ಚರ್ಚಿಗೆ ಹಾಕುವ ಷರಟು ತೊಟ್ಟಿದ್ದ. ಸ್ವಾಗತದ ಹುಡುಗಿ ಅತಿಥಿಗಳಿಗೆ ಕಟ್ಟುವ ಹಸಿರು ಪಟ್ಟಿಯನ್ನು ಇಬ್ಬರ ಮಣಿಕಟ್ಟಿಗೂ ಕಟ್ಟಿದಳು. ಎವರಾರ್ಡ್ ಕೈಯೆತ್ತಿ ನನಗೆ ತೋರಿಸಿದ.

"ನೋಡು ಪರ್ಲ್, ಕೋಳಿಗೆ ಕಟ್ಟಿದ ಹಾಗೆ ಕಟ್ಟಿದ್ದಾರೆ. ಯಾವಾಗ ಸಾರು ಮಾಡ್ತೀಯ?"

"ಮುದಿ ಹುಂಜ, ಬೇಯೋಕೆ ನಾಲ್ಕು ದಿನ ಬೇಕು. ನಿನಗಿರೋದು ಮೂರೇ," ಎಂದೆ.

ಅವನು ನಕ್ಕ. ಯೂಲಾ ಕೋಣೆಗೆ ಹೋಗಿ ಸಮುದ್ರದ ಕಡೆಯ ಪರದೆ ಎಳೆದುಬಿಟ್ಟಳು. ಜನ ಆ ಕಿಟಕಿಗಾಗಿಯೇ ಸಾಗರ ದಾಟಿ ಬರುತ್ತಾರೆ. ಮೂರು ದಿನವೂ ಪರದೆ ತೆರೆಯಲಿಲ್ಲ.

ಗುರುವಾರ ಅವರ ರಜೆ ಹೇಗಿತ್ತೆಂದರೆ, ನೋಡಿದವರಿಗೆ ಬೇಸರ ಬರಬೇಕು. ಎವರಾರ್ಡ್ ಬೆಳಿಗ್ಗೆಯೇ ಹೊರಗೆ ಹೋಗಿಬಂದು, ತೀರದ ಒರಗು ಕುರ್ಚಿಯ ಮೇಲೆ ಡಾಕ್ಟರ ಮುಂದೆ ಕೂತವರ ಹಾಗೆ ನೆಟ್ಟಗೆ ಕೂತ. ಮೂರನೆಯ ಕೋಣೆಯ ಪ್ರವಾಸಿ ಹೆಂಗಸು ಯೂಲಾಳನ್ನು ಕಂಡು, ಹಳೆಯ ಗುರುತಿನಿಂದ, ಇನ್ನೆರಡು ಟವೆಲ್ ಬೇಕಿತ್ತು ಎಂದಳು. ಯೂಲಾ ಹೋಗಿ ತಂದುಕೊಟ್ಟಳು. ಊಟದ ಮೇಜಿಗೆ ನಾನು ಏಡಿ ಸಾರನ್ನೂ ಬೇಯಿಸಿದ ದೀವಿಹಲಸನ್ನೂ ನನ್ನ ಕೈಯಾರೆ ಬಡಿಸಿದೆ. ಇಬ್ಬರೂ ತಿಂದರು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಒಳಗೆ ತಂದಿಟ್ಟು ಹೋದರು. ಒಂದು ಮಾತಿಲ್ಲ. ಬೈಯಲಾದರೂ ಬೈಯಬಾರದೇ ಒಬ್ಬರನ್ನೊಬ್ಬರು ಎಂದು ನನಗೆ ರೇಗಿತು.

ಶುಕ್ರವಾರ ಬೆಳಿಗ್ಗೆ ಹೊಸದಾಗಿ ಸೇರಿದ ಶೆರ್ನೆಲ್ ಕೋಣೆ ಗುಡಿಸಲು ಹೋದರೆ ಗುಡಿಸಲು ಏನೂ ಉಳಿದಿರಲಿಲ್ಲ.

"ಮಿಸ್ ಯೂಲಾ, ನಿಮ್ಮ ಕಾಲಿಗೆ ಬೀಳ್ತೀನಿ, ಹೊರಗೆ ಹೋಗಿ. ನೀವೇ ಎಲ್ಲ ಮಾಡಿದ್ರೆ ನನ್ನನ್ನ ಯಾಕೆ ಇಟ್ಕೊಂಡಿದ್ದಾರೆ ಅಂತ ಮ್ಯಾನೇಜರು ಕೇಳ್ತಾರೆ."

ಹೀಗೆ ಅವಳನ್ನು ಹೊರಗೆ ಅಟ್ಟಿದ್ದರಿಂದಲೇ ಮುಂದಿನದು ನಡೆಯಿತು. ಗಂಟೆ ಆರೂವರೆ. ಆ ಹೊತ್ತಿಗೆ ಇಪ್ಪತ್ತಾರು ವರ್ಷವೂ ಅವಳು ಗುಡ್ಡದ ಕಡೆಯ ಇಸ್ತ್ರಿ ಕೋಣೆಯಲ್ಲಿ ಇರುತ್ತಿದ್ದಳು. ತೀರ ಅಲ್ಲಿಂದ ಕಾಣುವುದಿಲ್ಲ. ಅವಳು ತೀರದ ಒರಗು ಕುರ್ಚಿಯ ಅಂಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡೆ. ಅಷ್ಟರಲ್ಲಿ ಶಂಖ ಊದಿದರು.

ಶಂಖ ಊದಿದರೆ ಮೀನಿನ ಹಿಂಡು ಕೊಲ್ಲಿಯೊಳಗೆ ಬಂದಿದೆ, ಬಲೆ ಬಿಟ್ಟಾಗಿದೆ, ಬಂದು ಎಳೆಯಿರಿ ಎಂದರ್ಥ. ಉದ್ದದ ರಂಪಣಿ ಬಲೆ. ಅದರ ಎರಡು ಹಗ್ಗ ಹಿಡಿದು ಎರಡು ಸಾಲು ಜನ ದಡಕ್ಕೆ ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಬಲೆಯ ಯಜಮಾನ ಫಿಟ್ಜ್ ಮಾಮ ತೆಂಗಿನ ಗರಿಯ ಮೇಲೆ ಮೀನಿನ ಗುಡ್ಡೆ ಹಾಕುತ್ತ ಒಬ್ಬೊಬ್ಬರ ಹೆಸರು ಕೂಗುತ್ತಾನೆ. ಹೆಸರಿನವರು "ಇಲ್ಲಿ" ಎನ್ನಬೇಕು. ಅನ್ನದಿದ್ದರೆ ಗುಡ್ಡೆ ವಾಪಸು ರಾಶಿಗೆ ಹೋಗುತ್ತದೆ. ಯೂಲಾಳಿಗೆ ಇದು ಹೊಸದಲ್ಲ, ಲಂಗ ಎತ್ತಿ ಕಟ್ಟಿ ಹಗ್ಗ ಎಳೆದೇ ಬೆಳೆದವಳು.

ಎವರಾರ್ಡ್ ಎಡಗಡೆಯ ಸಾಲಿನಲ್ಲಿ ಎಳೆಯುತ್ತಿದ್ದ. ಬಲೆ ಅರ್ಧ ದಾರಿಗೆ ಬಂದಾಗ ಹಗ್ಗ ಬಿಟ್ಟು, ಮರಳಿನ ಮೇಲೆ ಓಡಿ, ಬಲಗಡೆಯ ಸಾಲಿನ ತುದಿಗೆ ಸೇರಿಕೊಂಡ. ಅರವತ್ತೆರಡು ವರ್ಷದ ಗಂಡಸು, ಏದುಸಿರು ಬಿಡುತ್ತ. ಯಾರೂ ಏಕೆಂದು ಕೇಳಲಿಲ್ಲ. ಅಲ್ಲಿ ಸ್ವಲ್ಪ ಜಾಗ ಮೊದಲೇ ಬಿಟ್ಟಿದ್ದರು. ಅದು ಕೆಸ್ಟರ್ ನಿಲ್ಲುತ್ತಿದ್ದ ಜಾಗ.

ಯೂಲಾ ಈಗ ತಿರುಗಿ ಕೂತಿದ್ದಳು.

ಮೀನು ದಡಕ್ಕೆ ಬಂತು. ಫಿಟ್ಜ್ ಮಾಮ ಗುಡ್ಡೆ ಹಾಕಲು ತೊಡಗಿದ.

"ಎವರಾರ್ಡ್!"

"ಇಲ್ಲಿ."

"ಕೆಸ್ಟರ್!"

"ಇಲ್ಲಿ," ಎಂದ ಎವರಾರ್ಡ್, ಅದೇ ದನಿಯಲ್ಲಿ.

ಮುಂದಿನ ಹೆಸರು ಕೂಗಿದರು. ಎವರಾರ್ಡ್ ತನ್ನ ಪಾಲನ್ನು ಬಕೆಟ್ಟಿಗೆ ಹಾಕಿಕೊಂಡ. ಇನ್ನೊಂದು ಪಾಲನ್ನು ಬಾದಾಮಿ ಮರದ ಎಲೆಯಲ್ಲಿ ಸುತ್ತಿ, ಎರಡು ವರ್ಷದಿಂದ ಮಾಡುತ್ತಿದ್ದಂತೆ, ನನ್ನ ಅಡುಗೆಮನೆಯ ಹಿಂಬಾಗಿಲಿಗೆ ಬಂದ.

"ತಗೋ ಪರ್ಲ್. ಬೇಯಿಸಿ ಹಸಿದವರಿಗೆ ಹಾಕು," ಎಂದು ಎಂದಿನ ಮಾತು ಹೇಳಿ ಹೋದ. ಅವನ ಬೆನ್ನ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಯೂಲಾ ನಿಂತಿದ್ದಳು. ಅವನು ನೋಡಲಿಲ್ಲ.

ಅವಳು ಒಳಗೆ ಬಂದು ಎಲೆ ಬಿಡಿಸಿ ಮೀನು ನೋಡಿದಳು. ಏಳು ಜ್ಯಾಕ್ಸ್ ಮೀನು, ಒಂದೊಂದೂ ಗೇಣುದ್ದ.

"ಎಷ್ಟು ದಿನದಿಂದ?"

"ಕೆಸ್ಟರ್ ತೀರಿಕೊಂಡ ತಿಂಗಳಿಂದ."

"ಬೇಯಿಸಿ ಯಾರಿಗೆ ಹಾಕ್ತಿದ್ದೆ?"

ನಾನು ಒಲೆಯ ಕಡೆ ತಿರುಗಿದೆ. ಅವಳೇ ಹಿಂದಿನ ಬೆಂಚಿನ ಕಡೆ ನೋಡಿದಳು. ಬಲೆ ಬಿದ್ದ ದಿನ ಮಧ್ಯಾಹ್ನ ಕೆಲಸದವರಿಗೆಲ್ಲ ನಾನು ಮೀನು ಬಡಿಸುತ್ತಿದ್ದೆ. ದೊಡ್ಡ ತುಂಡು ಯೂಲಾಳ ತಟ್ಟೆಗೆ. ಅವಳಿಗೆ ಗೊತ್ತು ಎಂದೇ ಅಂದುಕೊಂಡಿದ್ದೆ. ಇಡೀ ತೀರಕ್ಕೆ ಗೊತ್ತಿರುವುದು, ಗಂಡ ಹೆಂಡತಿ ಒಂದೇ ಸೂರಿನಡಿ ಇರುವವರು, ಇವಳಿಗೊಬ್ಬಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಮಗನ ಹೆಸರು ಬೇಡ ಎಂದೇ ಸುಮ್ಮನೆ ತಿನ್ನುತ್ತಿದ್ದಾಳೆ ಎಂದು ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅಂದು ಬೆಂಚಿನ ಮೇಲೆ "ಮಗ ಇದ್ದ ಅನ್ನೋದೇ ಮರೆತವನು" ಎಂದಾಗಲಾದರೂ ನನ್ನ ತಲೆಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಗಂಡ ಹೆಂಡಿರ ನಡುವೆ ನಾನೇಕೆ ಎಂದು ನುಂಗಿಕೊಂಡೆ. ಜೋರು ಬಾಯಿಯವಳು ಬೇಕಾದ ಹೊತ್ತಿಗೆ ಮೂಕಿಯಾಗಿದ್ದೆ.

"ನನ್ನ ತಟ್ಟೆಗೆ," ಎಂದಳು ಯೂಲಾ.

"ಹೂಂ."

"ಉಪ್ಪು ಸ್ವಲ್ಪ ಜಾಸ್ತಿ ಹಾಕ್ತಿದ್ದೆ ನೀನು."

ಅಷ್ಟೇ. ಅಳುತ್ತಾಳೆ, ನನಗೆ ಬೈಯುತ್ತಾಳೆ ಎಂದು ಕಾದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ. ಮೀನನ್ನು ಮತ್ತೆ ಎಲೆಯಲ್ಲಿ ಸುತ್ತಿ, ಕೈ ತೊಳೆದುಕೊಂಡು ಹೋದಳು. ಆ ಸಂಜೆ ಇಬ್ಬರೂ ಮತ್ತೆ ಮಾತಿಲ್ಲದೆ ಉಂಡರು. ಕೋಣೆಗೆ ಹೋಗುವಾಗ ನಾನು ತಡೆದು, "ನಾಳೆ ಹಡಗು?" ಎಂದು ಕೇಳಿದೆ.

"ಟಿಕೆಟ್ ಇದೆಯಲ್ಲ," ಎಂದಳು.

ಶನಿವಾರ ಶಂಖ ಊದುವ ಮೊದಲೇ ಅವರ ಚೀಲ ಕಟ್ಟಿ ತೀರದ ಕಡೆಯ ಬಾಗಿಲ ಹೊರಗೆ ಇಟ್ಟದ್ದನ್ನು ಶೆರ್ನೆಲ್ ಬಂದು ಹೇಳಿದಳು. ಶಂಖ ಊದಿತು. ನಾನು ಹಿಟ್ಟಿನ ಕೈಯಲ್ಲೇ ಕಿಟಕಿಗೆ ಬಂದೆ. ಎವರಾರ್ಡ್ ಎಡಗಡೆಯ ಹಗ್ಗದಲ್ಲಿದ್ದ. ಬಲೆ ಅರ್ಧಕ್ಕೆ ಬಂತು. ಅವನು ಹಗ್ಗ ಬಿಟ್ಟು ಬಲಗಡೆಗೆ ಓಡಲು ತಿರುಗಿದವನು ಹಾಗೇ ನಿಂತ.

ಬಲಗಡೆಯ ಸಾಲಿನ ಆ ಜಾಗದಲ್ಲಿ ಯೂಲಾ ನಿಂತಿದ್ದಳು. ಪ್ರಯಾಣಕ್ಕೆಂದು ತೊಟ್ಟ ಒಳ್ಳೆಯ ಉಡುಪನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಚಪ್ಪಲಿ ದೂರ ಬಿಸಾಕಿ, ಹಗ್ಗ ಹಿಡಿದಿದ್ದಳು.

"ಏನಯ್ಯಾ ನೋಡ್ತೀಯ?" ಎಂದು ಫಿಟ್ಜ್ ಮಾಮ ಎವರಾರ್ಡ್‌ಗೆ ಗದರಿದ. "ನಿನ್ನ ಹಗ್ಗ ಹಿಡ್ಕೊ, ಈ ಕಡೆ ಜನ ಇದ್ದಾರೆ."

ಎವರಾರ್ಡ್ ತನ್ನ ಹಗ್ಗಕ್ಕೇ ಮರಳಿದ. ಎರಡು ವರ್ಷದಲ್ಲಿ ಮೊದಲ ಸಲ ಒಂದೇ ಕಡೆ ನಿಂತು ಕೊನೆಯವರೆಗೆ ಎಳೆದ. ನಾನು ಒಲೆಯ ಮೇಲಿನದನ್ನು ಶೆರ್ನೆಲ್‌ಗೆ ಒಪ್ಪಿಸಿ ತೀರಕ್ಕೆ ಹೋದೆ. ಸುಟ್ಟರೆ ಸುಡಲಿ.

ಗುಡ್ಡೆ ಬೀಳತೊಡಗಿತು.

"ಎವರಾರ್ಡ್!"

"ಇಲ್ಲಿ."

"ಕೆಸ್ಟರ್!"

ಎವರಾರ್ಡ್ ಬಾಯಿ ತೆರೆದ. ಅವನಿಗಿಂತ ಮೊದಲು ಯೂಲಾ ಹೇಳಿದಳು, "ಇಲ್ಲಿ." ಎವರಾರ್ಡ್ ತಲೆ ತಗ್ಗಿಸಿ ಮರಳು ನೋಡುತ್ತ ನಿಂತ.

ಫಿಟ್ಜ್ ಮಾಮ ಇನ್ನೊಂದು ಗರಿ ಹಾಸಿದ. ಏಳು ಮೀನು ಎಣಿಸಿ ಇಟ್ಟ.

"ಯೂಲಾ!"

ಅವಳು ಬಾಗಿಲ ಬಳಿ ಇದ್ದ ಚೀಲದ ಕಡೆ ನೋಡಿದಳು. ಎವರಾರ್ಡ್ ಕೂಡ ಅದನ್ನೇ ನೋಡಿದ. ಅವನಿಗೆ ಗೊತ್ತಿತ್ತು ಎಂದು ನನಗೆ ಆಗ ಅರ್ಥವಾಯಿತು. ಹಡಗಿನ ಟಿಕೆಟ್ಟನ್ನು ಎಷ್ಟು ದಿನ ಮನೆಯಲ್ಲಿ ಬಚ್ಚಿಡಲು ಸಾಧ್ಯ! ಗೊತ್ತಿದ್ದೂ ಚರ್ಚಿನ ಷರಟು ತೊಟ್ಟು ಮೂರು ದಿನ ಹಸಿರು ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ. ಅವಳ ಪರವಾಗಿ ಅವನು ಉತ್ತರ ಕೊಡಬಹುದಿತ್ತು. ಕೊಡಲಿಲ್ಲ.

"ಯೂಲಾ!" ಎರಡನೆಯ ಸಲ ಕೂಗಿದ ಫಿಟ್ಜ್ ಮಾಮ. ಮೂರನೆಯ ಸಲ ಕೂಗುವ ಪದ್ಧತಿಯಿಲ್ಲ. ಗರಿಯ ಬುಡಕ್ಕೆ ಕೈ ಹಾಕಿದ, ಎತ್ತಿ ರಾಶಿಗೆ ಸುರಿಯಲು.

"ಇಲ್ಲಿ," ಎಂದಳು ಯೂಲಾ.

ದನಿ ಒರಟಾಗಿತ್ತು, ಬಹಳ ದಿನ ತೆರೆಯದ ಬಾಗಿಲಿನದು. ಫಿಟ್ಜ್ ಮಾಮ ಗರಿ ಬಿಟ್ಟು, ಏನೂ ಆಗದವನಂತೆ ಮುಂದಿನ ಹೆಸರು ಕೂಗಿದ.

ಮೂರು ಪಾಲನ್ನೂ ಒಂದೇ ಬಕೆಟ್ಟಿಗೆ ಹಾಕಿದರು. ಇಬ್ಬರೂ ಅದರ ಹಿಡಿಯನ್ನು ಎರಡು ಕಡೆಯಿಂದ ಹಿಡಿದು ನನ್ನ ಬಳಿಗೆ ತಂದರು. ಯೂಲಾ ನೀರಿನ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಸಮುದ್ರದ ನೀರಿನಲ್ಲಿ ಕೈ ಅದ್ದಿದಳು. ಹಗ್ಗ ಉಜ್ಜಿ ಅಂಗೈ ಎರಡೂ ಸುಲಿದಿದ್ದವು. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಎವರಾರ್ಡ್," ಎಂದು ಕರೆದಳು, ಅವನ ಮುಖ ನೋಡಿ. "ಉರೀತಿದೆ ಕಣೋ."