ಸಿದ್ದಪ್ಪ ಕಾಕಾನ ಹೆಬ್ಬೆರಳು

ಸಿದ್ದಪ್ಪ ಕಾಕಾ ಕುಣಿಗೆ ಇಳಿಯುವ ಮುಂಚೆ ಚಪ್ಪಲಿ ಬಿಟ್ಟು, ಒಳಗೆ ಮಲಗಿದವರಿಗೆ ಕೇಳುವಂತೆ "ಒಳಗ ಬರ್ಲೇನ್ರಿ?" ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಕಾಯುತ್ತಿದ್ದರು ಕೂಡ. ಸಾವಿರಾರು ವರ್ಷ ಯಾರಿಗೂ ಉತ್ತರ ಕೊಡದವರು ಇವರಿಗೇನು ಕೊಟ್ಟಾರು ಎಂದು ನನಗೆ ಮೊದಮೊದಲು ನಗು ಬರುತ್ತಿತ್ತು.

ನಾನು ಸಿಂದಗಿಯವಳು. ನನ್ನ ಕೆಲಸ ಹಳೆಯ ಎಲುಬು ನೋಡುವುದು. ಸತ್ತವರು ಏನು ಉಣ್ಣುತ್ತಿದ್ದರು, ಯಾವ ಬೇನೆಯಿತ್ತು, ಎಲ್ಲಿಂದ ಬಂದವರು ಎಂಬುದನ್ನು ಅವರ ಎಲುಬು, ಹಲ್ಲುಗಳಿಂದಲೇ ತಿಳಿಯಬೇಕು. ಮುದ್ದೇಬಿಹಾಳದ ಕಡೆ ಒಂದು ದಿಬ್ಬದಲ್ಲಿ ಅಗೆತ ಶುರುವಾದಾಗ ಕಾಕಾ ಕೊಲ್ಹಾರದಿಂದ ಕೆಲಸಕ್ಕೆ ಬಂದರು. ಊರಲ್ಲಿ ಹೆಣದ ಕುಣಿ ತೋಡುವುದು ಅವರ ಕಸುಬು. ಉಳಿದವರು ಗುದ್ದಲಿ ಹಿಡಿದಲ್ಲಿ ಇವರು ಬೆರಳಿನಿಂದ ಮಣ್ಣು ಸರಿಸುತ್ತಿದ್ದರು. ಮೂರು ಬೇಸಿಗೆ ಒಟ್ಟಿಗೆ ಕೆಲಸ ಮಾಡಿದೆವು.

ಒಮ್ಮೆ ಒಬ್ಬ ಹೆಂಗಸಿನ ಹಲ್ಲನ್ನು ಪರೀಕ್ಷೆಗೆ ಕಳಿಸಿದ್ದೆ. ಚಿಕ್ಕಂದಿನಲ್ಲಿ ಕುಡಿದ ನೀರು ಹಲ್ಲಿನಲ್ಲಿ ಗುರುತು ಬಿಟ್ಟಿರುತ್ತದೆ. ಆಕೆ ಕುಡಿದದ್ದು ಇಲ್ಲಿಯ ನೀರಲ್ಲ, ದೂರದ್ದು ಎಂದು ವರದಿ ಬಂತು. ನಾನು ವಲಸೆಯ ಬಗ್ಗೆ ಉದ್ದಕ್ಕೆ ವಿವರಿಸಿದೆ. ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಎಲ್ಲ ಕೇಳಿ, "ಲಗ್ನ ಆಗಿ ಬಂದಾಳ್ರಿ ಬಾಯಾರ. ಇದಕ್ಕ ಇಷ್ಟ್ಯಾಕ?" ಎಂದರು. ಅದೇ ಮಾತನ್ನು ನಾನು ಹನ್ನೆರಡು ಪುಟ ಬರೆದಿದ್ದೇನೆ.

ಹೆಣ್ಣು ಗಂಡು ಗುರುತಿಸುವುದನ್ನು ಅವರಿಗೆ ಕಲಿಸಿದವಳು ನಾನೇ. ಟೊಂಕದ ಎಲುಬಿನ ಹಿಂದೆ ಬಾಗಿದ ಒಂದು ಸಂದು ಇರುತ್ತದೆ. ಅದರಲ್ಲಿಟ್ಟ ಹೆಬ್ಬೆರಳು ಸಲೀಸಾಗಿ ಆಡಿದರೆ ಹೆಣ್ಣು, ಸಿಕ್ಕಿಕೊಂಡರೆ ಗಂಡು. "ಕೂಸು ಹೊರಗ ಬರಾಕ ಜಾಗಾ ಬೇಕಲ್ರಿ" ಎಂದು ಕಾಕಾ ಕೂಡಲೇ ಹಿಡಿದುಕೊಂಡರು. ಆಮೇಲೆ ಅವರು ತಪ್ಪಿದ್ದನ್ನು ನಾನು ಕಾಣೆ.

ಅವರಿಗೆ ತಾಯಿಯ ಮುಖ ನೆನಪಿರಲಿಲ್ಲ. ಇವರು ನಡೆಯಲು ಕಲಿಯುವ ಹೊತ್ತಿಗೆ ಆಕೆ ತೀರಿಕೊಂಡಿದ್ದಳು. ಫೋಟೋ ಇಲ್ಲ. ಹಳೆಯ ಕೊಲ್ಹಾರ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ, "ಬೇವಿನ ಗಿಡದ ಬಲಕ್ಕೆ ಎರಡನೇದು" ಎಂದು ಅವರ ಆಯಿ, ಅಂದರೆ ಅಜ್ಜಿ, ಎಂದೋ ಹೇಳಿದ್ದನ್ನು ನೆನೆದು ತಾವೇ ತೋಡಿ, ತಾಯಿಯ ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದು ಹೊಸ ಊರಿನಲ್ಲಿ ಹೂತಿದ್ದರು. ಅಮಾವಾಸ್ಯೆಗೊಮ್ಮೆ ಅಲ್ಲಿಗೆ ಎಡೆ ಹೋಗುತ್ತಿತ್ತು. ಹೋದ ವರ್ಷ ಗಟಾರ ತೋಡುವುದಕ್ಕಾಗಿ ಆ ಕುಣಿಯನ್ನು ಸರಿಸಬೇಕಾಯಿತು. ಕಾಕಾ ಫೋನ್ ಮಾಡಿದರು.

"ಬಾಯಾರ, ಮಂದೀದೆಲ್ಲಾ ಹೇಳ್ತೀರಿ. ನಮ್ಮವ್ವನ್ನೂ ಒಮ್ಮೆ ನೋಡ್ರಿ. ಏನ್ ಉಂಡಿದ್ಳು, ಯಾವ ಬ್ಯಾನ್ಯಾಗ ಹ್ವಾದ್ಳು, ಅಷ್ಟು ಹೇಳ್ರಿ ಸಾಕು."

ಹೋದೆ. ಬಟ್ಟೆ ಬಹುತೇಕ ಮಣ್ಣಾಗಿತ್ತು. ಟೊಂಕದ ಎಲುಬು ಕಂಡ ಕೂಡಲೇ ನನಗೆ ಗೊತ್ತಾಯಿತು. ತಲೆಬುರುಡೆಯ ಮಣ್ಣು ಒರೆಸುತ್ತ ಕೂತೆ. ಅಷ್ಟರಲ್ಲಿ ಕಾಕಾ ಆ ಎಲುಬನ್ನೆತ್ತಿ ಹೆಬ್ಬೆರಳಿಟ್ಟರು. ಬೆರಳು ಆಡಲಿಲ್ಲ. ತೆಗೆದು ಮತ್ತೊಮ್ಮೆ ಇಟ್ಟರು. ಇನ್ನೊಂದು ಮಗ್ಗುಲಿನ ಎಲುಬಿನಲ್ಲೂ ಇಟ್ಟು ನೋಡಿದರು.

"ಆಯಿ ನದಿಗೆ ಮಾರಿ ಮಾಡಿ ಬಲಕ್ಕ ಅಂದಿದ್ಳು ಕಾಣ್ತೈತಿ. ನಾ ಊರಿಗೆ ಮಾರಿ ಮಾಡಿ ನಿಂತು ಎಣಿಸೀನಿ."

ಈಗೇನು ಮಾಡೋಣ ಎಂದು ಕೇಳಿದೆ.

"ಇಷ್ಟ್ ವರ್ಷ ನನ್ನ ಕೈಲೆ ಉಂಡಾನ. ಈಗ ನೀ ಯಾರೋ ಅಂತ ಬಿಡಾಕ ಬರ್ತೈತೇನ್ರಿ?"

ಹೊಸ ಬಟ್ಟೆಯಲ್ಲಿ ಕಟ್ಟಿ, ಬೇರೆ ಕುಣಿಯಲ್ಲಿಟ್ಟು ಮಣ್ಣೆಳೆದರು. ನನಗೆ ಚಹಾ ತರಿಸಿದರು. ಅವರು ಅಳಲಿಲ್ಲ, ನಾನೂ ಅಳಲಿಲ್ಲ. ಕಾಲು ಜೋಮು ಹಿಡಿದಾಗ ಆಗುವಂತೆ ಒಳಗೆಲ್ಲ ಏನೂ ಗೊತ್ತಾಗದಂತಾಗಿತ್ತು. ಅದು ಇನ್ನೂ ಬಿಟ್ಟಿಲ್ಲ.

ಆ ಬಳಿಕ ಕಾಕಾ ದಿಬ್ಬಕ್ಕೆ ಬರಲಿಲ್ಲ. ಈ ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿ "ಅಪ್ಪ ಹ್ವಾದ್ರಿ" ಎಂದಳು. ಸರಿ ಎಂದೆ. ಫೋನಿಟ್ಟು ಹಲ್ಲುಗಳಿಗೆ ನಂಬರು ಬರೆಯುವ ಕೆಲಸ ಮುಂದುವರಿಸಿದೆ. ಅವರದು ಹೂಳುವ ಮನೆತನ. ಆದರೂ ಸುಟ್ಟರು, ಊರಲ್ಲಿ ನಾಲ್ಕು ಮಾತು ಬಂದವು ಎಂದು ಆಮೇಲೆ ಕೇಳಿದೆ. ನನಗೆ ಆಶ್ಚರ್ಯವಾಗಲಿಲ್ಲ.

ಅವರನ್ನು ಕೊನೆಗೆ ಕಂಡದ್ದು ಆ ಎಲುಬು ಮತ್ತೆ ಹೂತ ದಿನ ಸಂಜೆ, ಕೊಲ್ಹಾರದ ಸೇತುವೆಯ ಹತ್ತಿರ. ಬಾಗೇವಾಡಿಯ ಬಸ್ಸಿಗೆ ನನ್ನನ್ನು ಹತ್ತಿಸಲು ಬಂದಿದ್ದರು. ಹಿನ್ನೀರಿನ ಕಡೆ ನೋಡುತ್ತ ನಿಂತವರು ಹೇಳಿದರು:

"ಅವ್ವ ನೀರಾಗ ಉಳಿದಾಳ. ನನ್ನ ಹೂಳಬ್ಯಾಡ್ರಿ, ಸುಟ್ಟು ಬೂದಿ ಇಲ್ಲೇ ಬಿಡ್ರಿ ಅಂತ ಮನ್ಯಾಗ ಹೇಳೇನಿ." ಆಮೇಲೆ ನನ್ನ ಕಡೆ ತಿರುಗಿದರು. "ಸುಟ್ಟ ಮ್ಯಾಲ ಗಂಡಸಂದೋ ಹೆಂಗಸಂದೋ ಅಂತ ಗೊತ್ತಾಗ್ತೈತೇನ್ರಿ ಬಾಯಾರ?"

ಸುಟ್ಟ ಮೇಲೂ ಎಲುಬಿನ ಚೂರುಗಳು ಉಳಿಯುತ್ತವೆ. ಬಲ್ಲವರು ನೋಡಿದರೆ ಎಷ್ಟೋ ಸಲ ಗೊತ್ತಾಗುತ್ತದೆ.

"ಇಲ್ಲ ಕಾಕಾ, ಗೊತ್ತಾಗೂದಿಲ್ಲ" ಎಂದೆ.

"ಹಂಗಾರ ಛಲೋ ಆತು. ಇನ್ನ ಯಾರೂ ಹೆಬ್ಬೆರಳಿಟ್ಟು ನೋಡಾಂಗಿಲ್ಲ" ಎಂದು ಅವರು ಬಸ್ಸಿಗೆ ಕೈ ಮಾಡಿದರು.