ಅಕ್ಕ ಡಬ್ಬಿ ಖಾಲಿ ಕೊಟ್ಟ ದಿನ

ನಮ್ಮ ಅಕ್ಕನಿಗೆ ಯಾವ ದೆವ್ವವೂ ಬಡಿದಿರಲಿಲ್ಲ. ಯಾರೂ ಮಾಟ ಮಾಡಿಸಿರಲಿಲ್ಲ. ಡಾಕ್ಟರು ಹೇಳಿದ ಗ್ಯಾಸೂ ಅಲ್ಲ ಅದು. ಸೊಸೆಯ ಮೇಲೆ ಹೇಳಿದ ಒಂದು ಸುಳ್ಳು ಆಕೆಯ ಗಂಟಲಲ್ಲಿ ಕುಂತಿತ್ತು, ತುತ್ತು ಕೆಳಗೆ ಇಳಿಯಗೊಡುತ್ತಿರಲಿಲ್ಲ. ಆದದ್ದು ಇಷ್ಟೇ. ಮುಂದೆ ಆಕೆ ಉಂಡಳಲ್ಲ, ಅದನ್ನು ಊರವರು ಪವಾಡ ಅಂದರು. ನಮ್ಮ ಚರ್ಚಿನವರು ಚಪ್ಪಾಳೆ ತಟ್ಟಿದರು. ತಟ್ಟಲಿ. ನಾನು ಅಲ್ಲೇ ಇದ್ದವಳು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಮೂರನೇ ಇಯತ್ತೆ ಕಲಿತವಳ ಬರಹ ಇದು. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ, ಮಾತು ತಿದ್ದಬೇಡ ಅಂತ ಹೇಳಿದ್ದೇನೆ.

ನಾನು ಸವಣೂರಿನಲ್ಲಿ ಖಾರ, ಅಂದರೆ ಕಡಲೆಹಿಟ್ಟಿನ ಖಾರಾಸೇವು, ಕರಿದು ಮಾರುವವಳು. ಗಂಡ ಹೋದ ಮೇಲೂ ಅದೇ ಒಲೆ, ಅದೇ ಕಡಾಯಿ. ಯೇಸುಸ್ವಾಮಿಯನ್ನು ನಂಬಿ ಬಹಳ ವರ್ಷವಾಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದಾಗ ಬಾಜೂ ಕಾಟಿನ ಮುದುಕಿ ಆತನ ಸುದ್ದಿ ಹೇಳುತ್ತಿದ್ದಳು. ಮೊದಲು ಬೇಸರಕ್ಕೆ ಕೇಳಿದೆ, ಆಮೇಲೆ ಖರೇ ಅನ್ನಿಸಿತು, ನಂಬಿದೆ. ಬೆಳಕು ಕಾಣಲಿಲ್ಲ, ಮೈ ನಡುಗಲಿಲ್ಲ. ಎದೆಯ ಮೇಲಿದ್ದ ಬೀಸುಕಲ್ಲು ಯಾರೋ ಎತ್ತಿ ಆಚೆ ಇಟ್ಟ ಹಾಗಾಯಿತು. ಅಂಥದ್ದು ಸಿಕ್ಕ ಮೇಲೆ ಬಾಯಿ ಮುಚ್ಚಿಕೊಂಡು ಕೂಡಲಿಕ್ಕೆ ನನಗೆ ಬರುವುದಿಲ್ಲ. ಖಾರ ಕಟ್ಟಿ ಕೊಡುತ್ತಲೇ ಗಿರಾಕಿಗಳಿಗೂ ಹೇಳುತ್ತೇನೆ. ಕೆಲವರು ನಿಂತು ಕೇಳುತ್ತಾರೆ. ಕೆಲವರು, "ಅಜ್ಜೀ, ಮೊದಲ ಖಾರ ಕೊಡ್ರಿ, ಸ್ವಾಮಿ ಆಮ್ಯಾಗ" ಅನ್ನುತ್ತಾರೆ. ಅವರಿಗೂ ಸರಿಯಾಗಿ ತೂಗಿಯೇ ಕೊಡುತ್ತೇನೆ.

ಅಕ್ಕನನ್ನು ಕೊಟ್ಟದ್ದು ಹಿರೇಬೆಂಡಿಗೇರಿಗೆ. ಹೊಲ ಇದ್ದ ಮನೆ. ಎರಡು ಗಂಡುಮಕ್ಕಳು. ದೊಡ್ಡವನು ಮದುವೆಯಾಗಿ ಒಂದು ಹೆಣ್ಣು ಕೂಸಾದ ಮೇಲೆ ಜ್ವರ ಬಂದು ತೀರಿಕೊಂಡ. ಸೊಸೆ ಇನ್ನೂ ಹುಡುಗಿ. ನಾಳೆ ಇವಳು ಹೊಲದಲ್ಲಿ ಪಾಲು ಕೇಳಿದರೆ ಹೇಗೆ ಅಂತ ಅಕ್ಕನಿಗೆ ದಿಗಿಲು. ಊರ ಹಿರಿಯರನ್ನು ಕರೆಸಿ, "ಈಕಿ ನಡತಿ ಸುದ್ದ ಇಲ್ರಿ, ನಮ್ಮ ಮನ್ಯಾಗ ಬ್ಯಾಡ" ಅಂದಳು. ಅತ್ತೆಯೇ ಹಾಗಂದ ಮೇಲೆ ಸಾಕ್ಷಿ ಕೇಳುವವರು ಯಾರು? ಸೊಸೆ ಕೂಸು ಎತ್ತಿಕೊಂಡು ಹಾನಗಲ್ಲಿನ ತವರಿಗೆ ಹೋದಳು. ಹೊಲಿಗೆ ಮಷೀನು ಹಾಕಿಕೊಂಡು, ಓಣಿಯವರ ಜಂಪರು ಹೊಲಿದು, ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ನಾವು ನೆಂಟರೆಲ್ಲ ಅಕ್ಕ ಹೇಳಿದ್ದನ್ನೇ ನಂಬಿಕೊಂಡಿದ್ದೆವು.

ಆಮೇಲೆ ಎಷ್ಟೋ ವರ್ಷಕ್ಕೆ, ಒಂದು ದಿನ ಶಿಗ್ಗಾವಿ ಸಂತೆಯಲ್ಲಿ ನಾನು ಖಾರದ ಬುಟ್ಟಿ ಮುಂದಿಟ್ಟುಕೊಂಡು ಕುಂತಿದ್ದೆ. ಅಕ್ಕ ಒಣಮೆಣಸಿನಕಾಯಿ ಕೊಂಡು ನನ್ನ ಹತ್ತಿರ ದಣಿವು ಆರಿಸಿಕೊಳ್ಳುತ್ತಿದ್ದಳು. ಜನರ ನಡುವಿನಿಂದ ಆ ಸೊಸೆ ಬಂದಳು. ನೋಡಿದಳು, ನಿಂತಳು. ಈಗ ಚಪ್ಪಲಿ ತೆಗೆಯುತ್ತಾಳೆ, ಸಂತೆಯೆಲ್ಲ ಕೂಡುತ್ತದೆ ಅಂತ ನಾನು ಬುಟ್ಟಿ ಹಿಂದಕ್ಕೆ ಎಳೆದುಕೊಂಡೆ. ಆಕೆ ಚೀಲ ಕೆಳಗಿಟ್ಟು, ಬಗ್ಗಿ ಅಕ್ಕನ ಕಾಲು ಮುಟ್ಟಿದಳು.

"ಅರಾಮ ಅದೀರೇನ್ರಿ ಅತ್ತಿ? ಭಾಳ ಇಳದೀರಲ್ರಿ."

ಚುಚ್ಚಿ ಆಡಿದ್ದಲ್ಲ. ನಿಜವಾಗಿಯೇ ಕೇಳಿದ್ದು. ಕೇಳಿ, ಚೀಲ ಎತ್ತಿಕೊಂಡು ಹೋದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, "ತಂಗೀ, ಅಕಿ ಮ್ಯಾಲ ನಾ ಅಂದಿದ್ದು ಸುಳ್ಳು" ಅಂದಳು. ನನಗೆ ಅವತ್ತೇ ಗೊತ್ತಾದದ್ದು. ಅವತ್ತಿನಿಂದಲೇ ಆಕೆಗೆ ಊಟ ಸೇರಲಿಲ್ಲ.

ನಮ್ಮ ಕಡೆ ತಪ್ಪು ನಡೆದರೆ ತಪ್ಪುಕಾಣಿಕೆ ಕೊಡುವ ಪದ್ಧತಿ. ಅಕ್ಕ ಶುರು ಮಾಡಿದಳು. ಒಂದು ಗುಡಿಗೆ ಗಂಟೆ ಕೊಟ್ಟಳು. ಒಂದು ದರ್ಗಾಕ್ಕೆ ಚಾದರ ಕಳಿಸಿದಳು. ಮನೆಗೆ ಅಯ್ಯನವರನ್ನು ಕರೆಸಿ ಊಟಕ್ಕೆ ಹಾಕಿದಳು, ತಾನು ಮಾತ್ರ ಒಂದು ತುತ್ತೂ ನುಂಗಲಿಲ್ಲ. ನಾನು ಆ ದೇವರುಗಳ ಮಾತು ಆಡುತ್ತಿಲ್ಲ, ಅಕ್ಕನ ಚೌಕಾಶಿಯ ಮಾತು ಆಡುತ್ತಿದ್ದೇನೆ. ಬದನೆಕಾಯಿ ಕೊಳ್ಳುವವರ ಹಾಗೆ, ಇದು ತಗೋ ಅದು ಬಿಡು ಅಂತ ಕಂಡಕಂಡಲ್ಲಿ ಕೇಳುತ್ತ ನಡೆದಿದ್ದಳು. ಹಾಸಿಗೆ ಹಿಡಿದ ಮೇಲೆ ಸಣ್ಣ ಮಗ ನನಗೆ ಫೋನು ಮಾಡಿದ.

"ಚಿಗವ್ವಾ, ಅವ್ವ ನೀರೂ ಒಲ್ಲೆ ಅನ್ನಾಕತ್ತಾಳ. ನೀ ಬಾ. ಆದರ ನಿನ್ನ ಯೇಸುನ ಮಾತು ನಮ್ಮ ಮನ್ಯಾಗ ತಗೀಬ್ಯಾಡ."

"ಹಂಗಾದ್ರ ಬಾಯಿ ಇಲ್ಲೇ ಬಿಚ್ಚಿಟ್ಟು ಬರಲೇನು?"

"ಚಿಗವ್ವಾ..."

"ನಿಮ್ಮವ್ವ ಬದುಕಬೇಕೋ ಬ್ಯಾಡೋ?"

ಅವನು, "ಅಕಿ ಎರಡು ತುತ್ತು ಉಂಡ್ರ ನೀ ಏನರ ಹೇಳ್ಕೋ" ಅಂದ.

ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಮಜ್ಜಿಗೆ ಕಲಸಿ, ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೈ ಹಿಡಿದರೆ ಒಣ ಕಟ್ಟಿಗೆ. ಎತ್ತಿ ಕೂಡಿಸಿ, ಬೈದು, ಒಂದಿಷ್ಟು ಬಾಯಿಗೆ ಹಾಕಿದೆ. ಅರ್ಧ ಹೊರಗೆ ಬಂತು. ಉಳಿದರ್ಧ ಒಳಗೆ ಹೋಯಿತು ಅಂತ ನಾನು ಮಾತು ತೆಗೆದೆ.

"ಅಕ್ಕಾ, ನೀ ಪಾಪ ಮಾಡಿದಿ. ಅಲ್ಲಂತ ಹೇಳಾಕ ನಾ ಬಂದಿಲ್ಲ. ಆ ಪಾಪ ಯೇಸುಸ್ವಾಮಿ ಶಿಲುಬಿ ಮ್ಯಾಲ ತಾ ಹೊತ್ತಾನ. ಬೇಡಿಕೋ, ಬಿಡತಾನ."

ಆಕೆ ಕಣ್ಣು ತೆರೆದಳು. "ಏನ್ ಕೊಡಬೇಕು?"

"ಏನೂ ಬ್ಯಾಡ."

"ಎಣ್ಣಿ? ಕಾಯಿ?"

"ಏನೂ ಬ್ಯಾಡ ಅಂದ್ನೆಲ್ಲ."

"ಏನೂ ಒಲ್ಲೆ ಅನ್ನಾಂವ ಎಂಥಾ ದೇವರವಾ?" ಅಂದು ಮತ್ತೆ ಗೋಡೆಗೆ ತಿರುಗಿದಳು.

ನನಗೆ ಸಿಟ್ಟು ಬಂತು. ಹೋಗುತ್ತೇನೆ ಅಂತ ಎದ್ದೆ, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು ಡಬ್ಬಿ ಹುಡುಕಿದೆ. ಡಬ್ಬಿ ಇಲ್ಲ. ನೋಡಿದರೆ ನೀರಿನ ತಂಬಿಗೆ ಎತ್ತಲಾಗದ ಅಕ್ಕ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಚೀಲದಿಂದ ಶೇಂಗಾ ತೆಗೆದು ಡಬ್ಬಿಗೆ ತುಂಬುತ್ತಿದ್ದಾಳೆ. ನಮ್ಮಲ್ಲಿ ಯಾರದಾದರೂ ಡಬ್ಬಿ ಮನೆಗೆ ಬಂದರೆ ಖಾಲಿ ಕಳಿಸುವುದಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ನಮ್ಮ ಅವ್ವ ಹಾಗೆಯೇ ಕಲಿಸಿದ್ದು. ಅವತ್ತು ಶೇಂಗಾ ತಂದೆ. ಮುಂದಿನ ಸಲ ಹೋದಾಗ ಬೆಲ್ಲ. ಅದರ ಮುಂದಿನ ಸಲ ಜೋಳದ ಹಿಟ್ಟು. ಉಣ್ಣುವುದು ಎರಡು ತುತ್ತು, ತುಂಬುವುದು ಡಬ್ಬಿ ತುಂಬ. ಸ್ವಾಮಿಯ ಮಾತು ಮಾತ್ರ ಅಲ್ಲೇ ನಿಂತಿತ್ತು. ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲಿದ್ದ ಹಿಟ್ಟಿನ ಡಬ್ಬಿ ನೋಡಿ ನನಗೆ ತಿಳಿಯಿತು, ಅಕ್ಕನ ರೋಗ ಇದೇ ಅಂತ. ಈಕೆಗೆ ತಗೊಂಡು ಗೊತ್ತೇ ಇಲ್ಲ. ಯಾರಾದರೂ ಕೊಟ್ಟರೆ ತಿರುಗಿ ಕೊಡುವ ತನಕ ಈಕೆಯ ಜೀವ ನಿಲ್ಲುವುದಿಲ್ಲ.

ಮತ್ತೆ ಹೋದೆ. ಈ ಸಲ ಒಂದು ನಿರ್ಧಾರ ಮಾಡಿಕೊಂಡೇ ಹೋದೆ. ಅಡುಗೆಮನೆಯಲ್ಲಿ ಒಲೆಯ ಹತ್ತಿರ ಕೂಡಿಸಿ ಉಣಿಸಿದ್ದು ಆಯಿತು. ಅಕ್ಕ ಗೋಡೆ ಹಿಡಿದು ಏಳಲು ಹೋದಳು, ನಾನು ಡಬ್ಬಿ ಕೈಯಲ್ಲಿ ಹಿಡಿದುಕೊಂಡೆ.

"ಇವತ್ತ ಡಬ್ಬಿ ಖಾಲಿ ಒಯ್ತೇನಿ."

"ಏ, ಹುಚ್ಚಿ, ಖಾಲಿ ಒಯ್ಯಬಾರದು. ಕೊಡ ಇಲ್ಲೆ."

"ಕೊಡೂದಿಲ್ಲ."

"ಹಾಳಾದಾಕಿ, ಮನಿಗೆ ಶ್ರೇಯಸ್ಸಲ್ಲ, ಕೊಡ!"

ಆಕೆ ಒಂದು ಕಡೆ ಹಿಡಿದಳು, ನಾನು ಒಂದು ಕಡೆ ಹಿಡಿದೆ. ಎರಡು ಮುದುಕಿಯರು ಡಬ್ಬಿ ಜಗ್ಗಾಡಿದೆವು. ಅಷ್ಟು ದಿನ ಉಪವಾಸ ಇದ್ದವಳಿಗೆ ಅದೆಲ್ಲಿಂದ ಶಕ್ತಿ ಬಂತೋ. ಮುಚ್ಚಳ ಹಾರಿ ಒಲೆಯ ಮುಂದೆ ಬಿತ್ತು. ಹಿತ್ತಲಲ್ಲಿದ್ದ ಮಗ ಓಡಿಬಂದು, "ಏನ್ ನಡಸೀರಿ ನೀವಿಬ್ರು? ಓಣಿ ಮಂದಿ ಕೇಳ್ಯಾರು!" ಅಂದ.

"ಕೇಳ್ಲಿ" ಅಂದೆ. "ಅಕ್ಕಾ, ನನ್ನ ನುಚ್ಚಿಗೆ ನೀ ಶೇಂಗಾ ಕೊಡ್ತಿ. ಆತು. ನಿನ್ನ ಸಲುವಾಗಿ ಜೀವ ಕೊಟ್ಟಾನಲ್ಲ, ಆತನ ಡಬ್ಬಿಗೆ ಏನ್ ತುಂಬಿ ಕೊಡ್ತಿ? ಹೇಳು. ಶೇಂಗಾ? ಬೆಲ್ಲ? ಗಂಟಿ?"

ಅಕ್ಕನ ಕೈ ಸಡಿಲಾಯಿತು. ನೆಲಕ್ಕೆ ಕುಂತಳು. ಮೊದಲು ನಕ್ಕಳು, ಒಣ ಕೆಮ್ಮಿನಂಥ ನಗು. ಆಮೇಲೆ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಅಳುವವರನ್ನು ಅಳಲು ಬಿಡಬೇಕು.

"ಹಂಗಾದ್ರ ಸುಮ್ಮನ ಬಿಡತಾನೇನು?"

"ಸುಮ್ಮನ ಅಲ್ಲ. ಆತ ರಕ್ತ ಸುರಿಸ್ಯಾನ. ನಿನ್ನ ಕಡಿಂದ ತಗೋಳೂದಿಲ್ಲ ಅಷ್ಟ."

"ಮತ್ತ ಅಕಿಗೆ? ಸೊಸಿಗೆ?"

ಇದನ್ನು ಕೇಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. "ಅದು ಬ್ಯಾರೆ. ದೇವರಿಗೆ ಕೊಡಾಕ ನಿನ್ನ ಹತ್ರ ಏನೂ ಇಲ್ಲ. ಅಕಿಗೆ ಕೊಡಾಕ ಐತಿ. ಖರೇ ಮಾತು. ಅದನ್ನ ಕೊಟ್ಟು ದೇವರ ಕ್ಷಮಾ ಕೊಳ್ಳಾಕ ಹೋಗಬ್ಯಾಡ. ಕ್ಷಮಾ ಮೊದಲ ತಗೋ. ಆಮ್ಯಾಗ ಹೋಗಿ ಹೇಳು."

ಅಕ್ಕ ಅಲ್ಲೇ ಒಲೆಯ ಮುಂದೆ, ಬೂದಿಯ ಪಕ್ಕ ಕುಂತು ಪ್ರಾರ್ಥನೆ ಮಾಡಿದಳು. ನಾನು ಮಾತು ಹೇಳಿಕೊಡಲಿಲ್ಲ. "ಯಪ್ಪಾ, ನಾ ಸುಳ್ಳ ಹೇಳಿದೆ. ನಾನ ಹೇಳಿದೆ, ಯಾರೂ ಹೇಳಿಸಲಿಲ್ಲ. ನನ್ನ ಹತ್ರ ಏನೂ ಇಲ್ಲ. ನೀ ಕೊಟ್ಟಿದ್ದು ತಗೋತೇನಿ" ಅಂದಳು. ದೊಡ್ಡ ಸಭೆಗಳಲ್ಲಿ ಮೈಕು ಹಿಡಿದು ಮಾಡುವ ಪ್ರಾರ್ಥನೆ ಬಹಳ ಕೇಳಿದ್ದೇನೆ. ಇದಕ್ಕಿಂತ ಚೊಕ್ಕಟವಾದದ್ದು ಕೇಳಿಲ್ಲ. ಮುಗಿದ ಮೇಲೆ ಆಕೆ ಡಬ್ಬಿ ಎತ್ತಿ, ಸೆರಗಿನಿಂದ ಒರೆಸಿ, ಮುಚ್ಚಳ ಹಾಕಿ, ಖಾಲಿಯಾಗಿಯೇ ನನ್ನ ಕೈಗೆ ಕೊಟ್ಟಳು. ಅದು ಆಕೆಗೆ ಗುಡಿಗೆ ಗಂಟೆ ಕೊಟ್ಟದ್ದಕ್ಕಿಂತ ಕಠಿಣವಾಗಿತ್ತು.

ಮಗ ಬಾಗಿಲಲ್ಲೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೊರಗೆ ಬಂದ ಮೇಲೆ ನನ್ನನ್ನು ತರುಬಿದ.

"ಚಿಗವ್ವಾ, ಅವ್ವ ಹೋಗಿ ಹೇಳಿದ್ರ ಊರಾಗ ನಮ್ಮ ಮಾನ ಏನಾಗಬೇಕು?"

"ಅಕಿ ಮಾನ ಇಷ್ಟು ವರ್ಷ ಏನಾಗಿತ್ತು?"

"ನಾಳೆ ಹೊಲ ಕೇಳಿದ್ರ?"

"ಕೇಳ್ಲಿ. ನಿಮ್ಮಣ್ಣನ ಹೆಂಡತಿ, ನಿಮ್ಮಣ್ಣನ ಮಗಳು. ಅವರದು ಅವರು ಕೇಳಿದ್ರ ನಿನಗ್ಯಾಕ ಹೊಟ್ಟಿನೋವು?"

"ನಿಮ್ಮ ಧರ್ಮ ಇದನ್ನ ಕಲಸ್ತೈತೇನು, ಮನಿ ಮುರಿಯೂದು?"

"ಮನಿ ಮುರದದ್ದು ಆವತ್ತ. ನಾ ಈಗ ಬಂದೇನಿ."

ಅವನು ಮಾರಿ ಊದಿಸಿಕೊಂಡು ದನಗಳ ಕಡೆಗೆ ಹೋದ. ಕೆಟ್ಟ ಹುಡುಗನಲ್ಲ, ಅಂಜುಬುರುಕ.

ನಾನು ಅವತ್ತು ಅಲ್ಲೇ ಉಳಿದೆ. ಸಂಜೆ ಅಕ್ಕ ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ ತಿಂದಳು, ಹೊರಗೆ ಬರಲಿಲ್ಲ. ಬಾಜೂ ಮನೆಯವಳು ಕಂಡು ಓಣಿಗೆಲ್ಲ ಸುದ್ದಿ ಹಚ್ಚಿದಳು. ಒಬ್ಬಳು ಅಕ್ಕನ ರಟ್ಟೆಗೆ ಕಟ್ಟಿದ್ದ ತಾಯಿತದ ಗುಣ ಅಂದಳು, ಒಬ್ಬಳು ಸವಣೂರ ತಂಗಿ ಏನೋ ಮಂತ್ರ ಹಾಕಿದಳು ಅಂದಳು. ನಾನು ಅಕ್ಕನ ಮುಖ ನೋಡುತ್ತಿದ್ದೆ. ಆಕೆ ಹಗುರಾಗಿದ್ದಳು, ಹಗುರಾದ ಮೇಲೆ ಜಾಣಳೂ ಆದಳು.

"ತಂಗೀ, ನನಗ ನಡಿಯಾಕ ಆಗೂದಿಲ್ಲ. ನೀನ ಹಾನಗಲ್ಲಿಗೆ ಹೋಗಿ ಹೇಳಿ ಬಾ. ನೀ ಛಲೋ ಹೇಳ್ತಿ."

"ಸ್ವಾಮಿ ಸುದ್ದಿ ಯಾರಿಗೆ ಬೇಕಾದ್ರೂ ಹೇಳ್ತೇನಿ. ನಿನ್ನ ಸುಳ್ಳಿನ ಸುದ್ದಿ ನೀನ ಹೇಳಬೇಕು."

"ಒಂದೆರಡು ದಿನ ಬಿಟ್ಟು, ಮೈಯಾಗ ಶಕ್ತಿ ಬಂದ ಮ್ಯಾಲ ಹೋಗೂಣು."

"ಡಬ್ಬಿ ಜಗ್ಗಾಕ ಶಕ್ತಿ ಇತ್ತಲ್ಲ, ಬಸ್ ಹತ್ತಾಕ ಸಾಕು."

ಮರುದಿನ ಬೆಳಗ್ಗೆ ನೀರು ಕಾಯಿಸಿ ಅಕ್ಕನಿಗೆ ಎರೆದೆ. ತಲೆ ಬಾಚಿ, ಇಲಕಲ್ಲ ಸೀರೆ ಉಡಿಸಿದೆ. ಒಂದು ಲೋಟ ಗಂಜಿ ಕುಡಿಸಿದೆ. ಮಗ ಮಾರಿ ಊದಿಸಿಕೊಂಡೇ ಅವ್ವನನ್ನು ಎತ್ತಿಕೊಂಡು ಬಂದು ಬಸ್ಸಿನ ಸೀಟಿನಲ್ಲಿ ಕೂಡಿಸಿದ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ ಅಕ್ಕ, "ಹೊಳ್ಳಿ ಹೋಗೂಣೇನ?" ಅಂದಳು. "ಕುಂಡ್ರು" ಅಂದೆ. ಹಾನಗಲ್ಲಿನಲ್ಲಿ ಕೇಳಿ ಕೇಳಿ ಮನೆ ಹುಡುಕಿದೆವು. ಒಳಗೆ ಹೊಲಿಗೆ ಮಷೀನಿನ ಸದ್ದು. ನಾನು ಬಾಗಿಲು ಬಡಿದೆ. ಸದ್ದು ನಿಂತಿತು, ಬಾಗಿಲು ತೆರೆಯಿತು. ಸೊಸೆ ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡು ನಿಂತಿದ್ದಳು. ನಮ್ಮನ್ನು ನೋಡಿದ್ದೇ, "ಬರ್ರಿ, ಒಳಗ ಬರ್ರಿ" ಅಂದಳು. ಅಕ್ಕ ನನ್ನ ಬೆನ್ನ ಹಿಂದೆ ಸರಿದಳು. ನಾನು ರಟ್ಟೆ ಹಿಡಿದು ಮುಂದಕ್ಕೆ ಎಳೆದು ನಿಲ್ಲಿಸಿದೆ.

"ನಾ ನಿನ್ನ ಮ್ಯಾಲ ಸುಳ್ಳ ಹೇಳಿದ್ದೆವ್ವಾ" ಅಂದಳು ಅಕ್ಕ, ತನಗೆ ಮಾತ್ರ ಕೇಳಿಸುವ ಹಾಗೆ.

"ಜೋರಾಗಿ ಹೇಳು" ಅಂದು ರಟ್ಟೆ ಚಿವುಟಿದೆ.

ಎದುರು ಮನೆಯವರು ಕಸಬರಿಗೆ ಹಿಡಿದುಕೊಂಡೇ ತಿರುಗಿ ನೋಡುವ ಹಾಗೆ ಹೇಳಿದಳು.