ಗೋಡೆಗೆ ಡಿಕ್ಕಿ ಹೊಡೆಸುವ ಅತ್ತೆಮ್ಮ

ನಾವಿಕ ಮತ್ತೆ ಗೋಡೆಗೆ ಹಣೆ ಬಡಿದುಕೊಳ್ಳುತ್ತಾನೆ. ಅರ್ಧ ಹೆಜ್ಜೆ ಎಡಕ್ಕೆ ಸರಿದು ಇನ್ನೊಮ್ಮೆ. ಮತ್ತೂ ಅರ್ಧ ಹೆಜ್ಜೆ, ಮತ್ತೊಮ್ಮೆ. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಚೇರಿಯೊಳಗೆ, ಕಂಪ್ಯೂಟರ್ ಪರದೆಯ ಮೇಲೆ, ದೀಪಸ್ತಂಭದ ಗೋಡೆಯುದ್ದಕ್ಕೂ ಅವನನ್ನು ಹೀಗೆ ನಡೆಸುತ್ತಿರುವ ಹೆಂಗಸಿಗೆ ಪಕ್ಕದ ಚಹಾ ಆರಿಹೋದದ್ದೂ ಗೊತ್ತಿಲ್ಲ.

"ಎಲ್ಲಾದ್ರೂ ಸಂದಿ ಇದ್ರೆ ಇವನು ಗೋಡೆಯೊಳಗೆ ಬಿದ್ದುಹೋಗ್ತಾನೆ. ಆಡೋರಿಗಿಂತ ಮುಂಚೆ ನಾನೇ ಬೀಳಿಸ್ಬೇಕು."

ಅವರು ವಿಡಿಯೋ ಗೇಮ್‌ಗಳ ಪರೀಕ್ಷಕಿ. ತಪ್ಪು ಹುಡುಕುವುದೇ ಕೆಲಸವಾದ್ದರಿಂದ ಕಚೇರಿಯವರು ಇಟ್ಟ ಹೆಸರು ಅತ್ತೆಮ್ಮ. "ಮೊಸರಲ್ಲಿ ಕಲ್ಲು ಹುಡುಕಿದ್ರೆ ಮನೇಲಿ ಬೈತಾರೆ, ಇಲ್ಲಿ ಸಂಬಳ ಕೊಡ್ತಾರೆ" ಎಂದು ಅವರೇ ನಗುತ್ತಾರೆ. ದಿನಕ್ಕೆ ಎಷ್ಟು ಸಲ ನಾವಿಕ ಸಾಯುತ್ತಾನೆ ಎಂದು ಕೇಳಿದರೆ, "ಎಣಿಸಿದ್ರೆ ಊಟ ಸೇರಲ್ಲ ಬಿಡಿ."

ನಾವಿಕನ ಸಾಹಸಗಳ ಈ ಮಾಲಿಕೆಯಲ್ಲಿ ಮೊದಲ ಭಾಗದಿಂದಲೂ ಅವರಿದ್ದಾರೆ. ಬೆರಳಿನ ಗೆಣ್ಣುಗಳು ಊದಿವೆ. ಬೆಳಿಗ್ಗೆ ಬಿಸಿನೀರಲ್ಲಿ ಅದ್ದದೆ ಮಡಚಲಾಗುವುದಿಲ್ಲ. ಆಟ ಮುಗಿದಾಗ ಪರದೆಯ ಮೇಲೇರುವ ಹೆಸರುಗಳಲ್ಲಿ ಅವರದು ಒಮ್ಮೆಯೂ ಬಂದಿಲ್ಲ. 'ಮತ್ತು ಇತರರು' ಎಂಬುದರೊಳಗೆ ಅವರೂ ಒಬ್ಬರು. ಅವರ ತಮ್ಮ ಮಾತ್ರ ಅಕ್ಕನ ಹೆಸರಿಗಾಗಿ ಪ್ರತಿ ಸಲವೂ ಕೊನೆಯ ಹೆಸರಿನವರೆಗೆ ಕಾಯುತ್ತಾನೆ.

ಆ ತಮ್ಮ, ಈಗ ಬಸ್ ಚಾಲಕ, ದಿನಾ ಸಂಜೆ ಫೋನ್ ಮಾಡುತ್ತಾನೆ. "ಅಕ್ಕಾ, ಹೊಸ ಆಟ ಹಳೇದರ ಹಾಗಿದೆಯಾ? ಅಷ್ಟು ಹೇಳು ಸಾಕು."

"ಊಟ ಆಯ್ತೇನೋ ಅಂತ ಮಾತು ತಿರುಗಿಸ್ತೀನಿ" ಎನ್ನುತ್ತಾರೆ. ಆಟ ಅಂಗಡಿಗೆ ಬರುವ ದಿನ ಹತ್ತಿರವಾದಂತೆ ಅವರು ಅವನ ಫೋನನ್ನು ತಡಮಾಡಿ ಎತ್ತುತ್ತಾರೆ.

ಹಳೆಯ ಆಟದ ನಾವಿಕ ಮಾತಾಡುತ್ತಿರಲಿಲ್ಲ. ದೀಪಸ್ತಂಭದ ಬೀಗದ ಕೈ ಗಂಟೆಯೊಳಗೆ ನೇತಾಡುತ್ತಿತ್ತು. ತಮ್ಮ ಎಷ್ಟು ಗೋಗರೆದರೂ ಅಕ್ಕ ಬಾಯಿ ಬಿಡಲಿಲ್ಲ. ತಾನೇ ಹುಡುಕಿ ಬೀಗದ ಕೈ ಸಿಕ್ಕ ದಿನ ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು ಇವರ ಕಚೇರಿಯವರೆಗೆ ಓಡಿ ಬಂದಿದ್ದ. ಹೊಸ ನಾವಿಕ ಹಾಗಲ್ಲ. ಆಡುವವರು ತುಸು ನಿಂತರೆ ಸಾಕು, "ಆ ಗಂಟೆ ನೋಡೋಣ" ಎಂದುಬಿಡುತ್ತಾನೆ.

ಅತ್ತೆಮ್ಮ ಇದನ್ನು ದೋಷವೆಂದು ಬರೆದು ಕಳಿಸಿದರು. 'ದೋಷವಲ್ಲ, ಹೀಗೇ ಇರಬೇಕು' ಎಂದು ಮರಳಿತು. ಮತ್ತೆ ಕಳಿಸಿದರು. ಮತ್ತೆ ಮರಳಿತು.

"ಸಮುದ್ರ ಮಾತ್ರ ಈ ಸಲ ಎಷ್ಟು ಚೆನ್ನಾಗಿದೆ ಅಂದ್ರೆ, ನೋಡ್ತಾ ಕೂತ್ರೆ ಕಾಲು ಒದ್ದೆ ಆದ ಹಾಗಾಗುತ್ತೆ" ಎನ್ನುತ್ತಾ ದನಿ ತಗ್ಗಿಸುತ್ತಾರೆ. "ಆಟ ಕೆಟ್ಟಿದೆಯೋ, ನನಗೇ ವಯಸ್ಸಾಯ್ತೋ? ಯಾರನ್ನ ಕೇಳ್ಲಿ?"

ಅಷ್ಟರಲ್ಲಿ ತಂಡದ ಮುಖ್ಯಸ್ಥ ಕುರ್ಚಿ ಎಳೆದುಕೊಂಡು ಪಕ್ಕ ಕೂರುತ್ತಾನೆ.

"ಅತ್ತೆಮ್ಮಾ, ಜಾಹೀರಾತಿಗೆ ನೀವು ಒಂದೇ ಒಂದು ಮಾತು ಹೇಳ್ಬೇಕು. ಹಳೇದಕ್ಕಿಂತ ಒಂದು ಕೂದಲೆಳೆಯಷ್ಟೂ ಕಮ್ಮಿಯಿಲ್ಲ ಅಂತ. ಮೊದಲಿಂದ ಇದ್ದೋರು ನೀವು, ಜನ ನಂಬ್ತಾರೆ."

"ಅತ್ತೆ ಹೊಗಳಿದ್ರೆ ಯಾರಪ್ಪಾ ನಂಬ್ತಾರೆ?"

"ತಮಾಷೆ ಬೇಡ. ಈ ಸಲ ಕೊನೇಲಿ ನಿಮ್ಮ ಹೆಸರು ಹಾಕಿಸ್ತೀನಿ. ದೊಡ್ಡ ಅಕ್ಷರದಲ್ಲಿ, ನಿಮ್ಮದೊಂದೇ."

ಅವರ ಬೆರಳು ನಿಲ್ಲುತ್ತದೆ. ಪರದೆಯ ಮೇಲೆ ನಾವಿಕ, ಸುಮ್ಮನಿರಲಾರದೆ, "ಆ ಗಂಟೆ ನೋಡೋಣ" ಎನ್ನುತ್ತಾನೆ.

"ಬೇಡ" ಎನ್ನುತ್ತಾರೆ ಅತ್ತೆಮ್ಮ. "ನನ್ನ ತಮ್ಮ ನಂಬಿಬಿಡ್ತಾನೆ. ನಾನು ಹೇಳಲ್ಲ."